ಮೇ ದಿನ ಹುಟ್ಟಿದ್ದು ಶಿಕಾಗೋದಲ್ಲಿ, ಅಲ್ಲೇ ರಜೆ ಇಲ್ಲ ಯಾಕೆ?

ದಾವಣಗೆರೆ_ಹುಡುಗ | ಮೇ 3, ಬೆಳಗ್ಗೆ 7:12

ಅಪ್ಪ ಮೂರು ವಾರದ ಹಿಂದೆ ಇಲ್ಲಿಗೆ ಬಂದಿದ್ದಾರೆ. ದಾವಣಗೆರೆಯ ಒಂದು ಕಾಟನ್ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು, ಯೂನಿಯನ್ ಅಂದ್ರೆ ಪ್ರಾಣ. ಶಿಕಾಗೋಗೆ ಬಂದವರೆಲ್ಲ ಆ ಹೊಳೆಯೋ ಉಕ್ಕಿನ ಬೀನ್ ಮುಂದೆ ಫೋಟೋ ತೆಗೆಸ್ಕೊಳ್ತಾರೆ. ನಮ್ಮಪ್ಪ ಬಂದ ದಿನದಿಂದ ಒಂದೇ ಹಟ, "ಹೇಮಾರ್ಕೆಟ್ ತೋರ್ಸು". ಮೇ ದಿನದ ಕಥೆಗೆ ಮೂಲವಾದ ಚೌಕ ಅದು.

ಮೊನ್ನೆ ಮೇ 1ಕ್ಕೆ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕರ್ಕೊಂಡು ಹೋದೆ. ಡೆಸ್‌ಪ್ಲೇನ್ಸ್ ಬೀದಿ. ಒಂದು ಬಂಡಿ, ಅದರ ಮೇಲೆ ನಿಂತು ಮಾತಾಡೋ ಮನುಷ್ಯರ ಆಕೃತಿ, ಕೆಂಗಂದು ಬಣ್ಣ. ಕೆಳಗೆ ಬೇರೆ ಬೇರೆ ದೇಶದ ಯೂನಿಯನ್‌ಗಳು ಹಾಕಿಸಿದ ಫಲಕ. ಜನ ಕಾಫಿ ಲೋಟ ಹಿಡ್ಕೊಂಡು ಪಕ್ಕದಲ್ಲೇ ಹೋಗ್ತಿದ್ರು, ಯಾರೂ ತಿರುಗಿ ನೋಡ್ತಿರಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು ನಿಂತ್ಕೊಂಡ್ರು. ನನಗೆ ಒಂಥರಾ ಮುಜುಗರ, ಸುಳ್ಳು ಹೇಳಲ್ಲ.

ಆಮೇಲೆ ಕೇಳಿದ್ರು: "ಇವತ್ತು ಇಲ್ಲಿ ರಜೆ ಇಲ್ವೇನೋ? ನಮ್ಮೂರಲ್ಲಿ ಇದೆ, ಇಲ್ಲೇ ಇಲ್ವಾ?" ಸೆಪ್ಟೆಂಬರ್‌ನಲ್ಲಿ ಲೇಬರ್ ಡೇ ಅಂತ ಇದೆ, ಆವತ್ತು ಹಾಸಿಗೆ ಸೋಫಾ ಎಲ್ಲ ಡಿಸ್ಕೌಂಟಲ್ಲಿ ಸಿಗತ್ತೆ ಅಂದೆ. ಅವರ ಮುಖ ನೋಡಬೇಕಿತ್ತು.

ಯಾಕೆ ಹೀಗಾಯ್ತು? ಗೊತ್ತಿದ್ದವರು ಹೇಳಿ, ನಾನು ಅವರಿಗೆ ಓದಿ ಹೇಳ್ತೀನಿ.

ಬಿಸಿ_ಕಾಫಿ | ಬೆಳಗ್ಗೆ 7:30

ರಜೆ ಬೇಕಾದ್ರೆ ಬೆಂಗಳೂರಿಗೆ ಬಾ ಗುರು. ಇಲ್ಲಿ ಮೇ 1 ರಜೆ. ಆವತ್ತೂ ನಂಗೆ ಎರಡು ಮೀಟಿಂಗ್ ಇತ್ತು ಅನ್ನೋದು ಬೇರೆ ಮಾತು.

ಕಾಮ್ರೇಡ್_ಬಸಣ್ಣ | ಬೆಳಗ್ಗೆ 8:05

ಅಪ್ಪಾಜಿಗೆ ನಮ್ಮ ಲಾಲ್ ಸಲಾಂ ತಿಳಿಸಿ. 1886ರ ಮೇ 1ರಂದು ಎಂಟು ಗಂಟೆ ದುಡಿಮೆ ಕೇಳಿ ಮೆರವಣಿಗೆ ಹೊರಟ ಶಿಕಾಗೋ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ರಕ್ತದಲ್ಲಿ ಬಿಳಿ ಅಂಗಿ ಅದ್ದಿ ಎತ್ತಿ ಹಿಡಿದರು, ಕೆಂಬಾವುಟ ಹುಟ್ಟಿದ್ದೇ ಹಾಗೆ. ಈ ಇತಿಹಾಸವನ್ನು ಅಮೆರಿಕ ಬೇಕಂತಲೇ ಮರೆಮಾಚಿದೆ.

ಸವಿತಾ_ಸಾಗರ | ಬೆಳಗ್ಗೆ 9:20

ಬಸಣ್ಣನವರೇ, ಬೇಜಾರು ಮಾಡ್ಕೋಬೇಡಿ, ಈ ಅಂಗಿ ಅದ್ದಿದ ಕಥೆಯನ್ನ ನಾನೂ ಚಿಕ್ಕಂದಿನಿಂದ ಮೇ ದಿನದ ಭಾಷಣಗಳಲ್ಲಿ ಕೇಳ್ತಾ ಬಂದಿದ್ದೀನಿ. ಕಥೆ ಚೆನ್ನಾಗಿದೆ, ನಿಜ ಅಲ್ಲ. ಕೆಂಬಾವುಟ ಅದಕ್ಕಿಂತ ಹಳೇದು. 1831ರಲ್ಲಿ ವೇಲ್ಸ್‌ನ ಮರ್ಥರ್‌ನಲ್ಲಿ, 1848ರಲ್ಲಿ ಪ್ಯಾರಿಸ್‌ನಲ್ಲಿ ಅದು ಹಾರಿಯಾಗಿತ್ತು.

ಮತ್ತೆ ಮೇ 1ರಂದು ಶಿಕಾಗೋದಲ್ಲಿ ಗುಂಡು ಹಾರಲೇ ಇಲ್ಲ. ಆವತ್ತು ಶನಿವಾರ, ಭಾರೀ ಮೆರವಣಿಗೆ, ಶಾಂತಿಯಿಂದ ಮುಗೀತು. ಗುಂಡು ಹಾರಿದ್ದು ಮೇ 3ರ ಸೋಮವಾರ, ಮೆಕಾರ್ಮಿಕ್ ಕಾರ್ಖಾನೆಯ ಗೇಟಿನ ಹತ್ತಿರ. ಪೈರು ಕೊಯ್ಯೋ ಯಂತ್ರ ಮಾಡೋ ಕಾರ್ಖಾನೆ ಅದು. ಅಲ್ಲಿ ಫೆಬ್ರವರಿಯಿಂದಲೇ ಬೀಗ ಜಡಿದು, ಹಳಬರನ್ನ ಹೊರಗಿಟ್ಟು ಬದಲಿ ಆಳುಗಳಿಂದ ಕೆಲಸ ತೆಗೀತಿದ್ರು. ಆ ಗುಂಡು ಹಾರಿಸಿದ್ದನ್ನ ಖಂಡಿಸೋಕೆ ಮಾರನೇ ದಿನ ರಾತ್ರಿ ಹೇಮಾರ್ಕೆಟ್‌ನಲ್ಲಿ ಸಭೆ. ಮೇಯರ್ ಕಾರ್ಟರ್ ಹ್ಯಾರಿಸನ್ ಖುದ್ದಾಗಿ ಬಂದು, ಸ್ವಲ್ಪ ಹೊತ್ತು ನಿಂತು ಕೇಳಿ, ಗಲಾಟೆ ಏನೂ ಇಲ್ಲ ಅಂತ ಪೊಲೀಸ್ ಠಾಣೆಗೂ ಹೇಳಿ ಮನೆಗೆ ಹೋದ್ರು. ಮಳೆ ಬರೋ ಹಾಗಾಗಿ ಜನಾನೂ ಕರಗಿತ್ತು, ಉಳಿದಿದ್ದು ಕೆಲವೇ ನೂರು. ಕೊನೆಯ ಭಾಷಣಕಾರ ಸ್ಯಾಮುಯೆಲ್ ಫೀಲ್ಡನ್ ಮಾತು ಮುಗಿಸ್ತಿದ್ದ. ಅಷ್ಟೊತ್ತಿಗೆ ಇನ್ಸ್‌ಪೆಕ್ಟರ್ ಬಾನ್‌ಫೀಲ್ಡ್ ನೂರೆಪ್ಪತ್ತು ಚಿಲ್ಲರೆ ಪೊಲೀಸರನ್ನ ಕಟ್ಕೊಂಡು ಬಂದು, ಚದುರಿ ಅಂದ. ಆಗ ಬಿತ್ತು ಬಾಂಬು. ಪೊಲೀಸರು ಕತ್ತಲಲ್ಲಿ ದಿಕ್ಕೆಟ್ಟು ಗುಂಡು ಹಾರಿಸಿದ್ರು, ಅವರ ಗುಂಡು ಅವರವರಿಗೇ ತಗುಲಿದ್ದೂ ಉಂಟು. ಏಳು ಜನ ಪೊಲೀಸರು ತೀರ್ಕೊಂಡ್ರು. ಸಾಮಾನ್ಯ ಜನ ಕಡಿಮೆ ಅಂದ್ರೂ ನಾಲ್ಕು.

ಕಾಮ್ರೇಡ್_ಬಸಣ್ಣ | ಬೆಳಗ್ಗೆ 9:41

ಸರಿ ಮೇಡಂ, ತಾರೀಖು ತಿದ್ಕೊಳ್ತೀನಿ. ರಕ್ತ ಅಂತೂ ಸುಳ್ಳಲ್ಲವಲ್ಲ.

ಕೋಡ್_ಕುಮಾರ್ | ಬೆಳಗ್ಗೆ 10:15

ಅಂದ್ರೆ ಮೊದಲು ಬಾಂಬ್ ಎಸೆದಿದ್ದು ಇವರ ಕಡೆಯವರೇ ತಾನೇ? ಏಳು ಪೊಲೀಸರು ಸತ್ತಿದ್ದಾರೆ. ಅದಕ್ಕೆ ಅಮೆರಿಕ ರಜೆ ಯಾಕೆ ಕೊಡಬೇಕು? ಸಿಂಪಲ್.

ಹಳೇ_ವಕೀಲ | ಬೆಳಗ್ಗೆ 11:02

ಕುಮಾರ್ ಅವರೇ, "ಇವರ ಕಡೆಯವರು" ಅನ್ನೋ ಆ ಎರಡು ಪದದ ಮೇಲೇ ಇಡೀ ಕೇಸು ನಿಂತಿತ್ತು.

ಬಾಂಬ್ ಎಸೆದವನು ಯಾರು ಅಂತ ಅಂದೂ ಸಾಬೀತಾಗಲಿಲ್ಲ, ಇಂದಿಗೂ ಆಗಿಲ್ಲ. ಕಟಕಟೆ ಹತ್ತಿದ ಎಂಟು ಜನ ಕ್ರಾಂತಿಕಾರಿ ಕಾರ್ಮಿಕ ಮುಖಂಡರಲ್ಲಿ ಬಹುಪಾಲು ಮಂದಿ ಬಾಂಬ್ ಬಿದ್ದ ಹೊತ್ತಲ್ಲಿ ಆ ಜಾಗದಲ್ಲೇ ಇರಲಿಲ್ಲ. ಫೀಲ್ಡನ್, ಸ್ಪೈಸ್ ಇದ್ದರು, ಆದರೆ ಬಂಡಿಯ ಹತ್ತಿರ, ಎಲ್ಲರ ಕಣ್ಣೆದುರಿಗೆ. ಆರೋಪ ಏನು? ನೀವು ಬರೆದಿದ್ದನ್ನು, ಆಡಿದ್ದನ್ನು ಕೇಳಿ ಯಾರೋ ಎಸೆದಿರಬೇಕು, ಆದ್ದರಿಂದ ಕೊಲೆಯಲ್ಲಿ ನಿಮ್ಮದೂ ಪಾಲು. ಅವರು ಸಾಧು ಸಂತರೂ ಅಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅವರ ಪತ್ರಿಕೆಗಳು ಡೈನಮೈಟನ್ನು ಹಾಡಿ ಹೊಗಳುತ್ತಿದ್ದವು, ಲೂಯಿಸ್ ಲಿಂಗ್ ಬಾಂಬ್ ತಯಾರಿಸುತ್ತಿದ್ದ. ಆದರೆ ಈ ಬಾಂಬನ್ನು ಇವನು ಎಸೆದ ಅಥವಾ ಇವನು ಎಸೆಸಿದ ಅನ್ನುವ ಕೊಂಡಿ ಕೋರ್ಟಿಗೆ ಬರಲೇ ಇಲ್ಲ.

ಆಲ್ಬರ್ಟ್ ಪಾರ್ಸನ್ಸ್ ವಿಷಯ ಕೇಳಿ. ತಲೆಮರೆಸಿಕೊಂಡಿದ್ದವನು, ಸಿಕ್ಕಿಬೀಳುವ ಲಕ್ಷಣವೇ ಇರಲಿಲ್ಲ. ವಿಚಾರಣೆ ಶುರುವಾದ ದಿನ ತಾನಾಗಿ ಕೋರ್ಟಿಗೆ ನಡೆದು ಬಂದು ಜೊತೆಗಾರರ ಪಕ್ಕ ಕೂತ. 1887ರ ನವೆಂಬರ್ 11ರಂದು ಅವನೂ ಸೇರಿ ನಾಲ್ವರಿಗೆ ಗಲ್ಲು: ಸ್ಪೈಸ್, ಫಿಷರ್, ಎಂಗೆಲ್, ಪಾರ್ಸನ್ಸ್. ಲಿಂಗ್ ಹಿಂದಿನ ದಿನವೇ ಜೈಲಿನಲ್ಲಿ ಪ್ರಾಣ ಕಳೆದುಕೊಂಡಿದ್ದ. ಉಳಿದ ಮೂವರನ್ನು 1893ರಲ್ಲಿ ಇಲಿನಾಯ್ ಗವರ್ನರ್ ಆಲ್ಟ್‌ಗೆಲ್ಡ್ ಬಿಟ್ಟುಬಿಟ್ಟರು. ಬರೀ ಕರುಣೆ ತೋರಿಸಿ ಬಿಟ್ಟಿದ್ದರೆ ಪತ್ರಿಕೆಗಳು ಸುಮ್ಮನಿರುತ್ತಿದ್ದವೇನೋ. ಜ್ಯೂರಿಯನ್ನು ಬೇಕಾದಂತೆ ಆರಿಸಿದ್ದರು, ಜಡ್ಜ್ ಗ್ಯಾರಿ ಪಕ್ಷಪಾತಿ ಎಂದು ಕಾರಣ ಸಮೇತ ಬರೆದು ಬಿಟ್ಟರು. ಮುಂದಿನ ಚುನಾವಣೆಯಲ್ಲಿ ಸೋತರು.

ಬಿಸಿ_ಕಾಫಿ | ಬೆಳಗ್ಗೆ 11:10

ಆ ಜಾಗದಲ್ಲಿ ಮೊದಲು ಇದ್ದದ್ದು ಪೊಲೀಸಪ್ಪನ ಪ್ರತಿಮೆ, ಕೈ ಎತ್ತಿ ನಿಂತಿದ್ದು. 1927ರಲ್ಲಿ, ಅದೂ ಮೇ 4ರಂದೇ, ಒಬ್ಬ ಟ್ರಾಮ್ ಡ್ರೈವರ್ ಟ್ರಾಮ್ ತಂದು ಅದಕ್ಕೆ ಗುದ್ದಿಸಿದ. ದಿನಾ ಆ ಎತ್ತಿದ ಕೈ ನೋಡಿ ನೋಡಿ ಸಾಕಾಗಿತ್ತು ಅಂದನಂತೆ. ಆಮೇಲೆ 1969, 1970ರಲ್ಲಿ ಎರಡು ಸಲ ಸಿಡಿಸಿದ್ರು. ಈಗ ಪೊಲೀಸ್ ಮುಖ್ಯ ಕಚೇರಿ ಹತ್ತಿರ ಭದ್ರವಾಗಿದೆ ಪಾಪ.

ದಾವಣಗೆರೆ_ಹುಡುಗ | ಮಧ್ಯಾಹ್ನ 12:00

ಟ್ರಾಮ್ ಡ್ರೈವರ್ ವಿಷಯ ಅಪ್ಪನಿಗೆ ಓದಿದೆ, ಬಿದ್ದು ಬಿದ್ದು ನಕ್ಕರು. ಆದ್ರೆ ನನ್ನ ಪ್ರಶ್ನೆ ಅಲ್ಲೇ ಇದೆ. ಸೆಪ್ಟೆಂಬರ್ ಯಾಕೆ?

ಓದುಗ_ಮಂಡ್ಯ | ಮಧ್ಯಾಹ್ನ 12:25

ಅದು ಗೊತ್ತಿರೋದೇ ಅಲ್ವಾ. ಪುಲ್‌ಮನ್ ರೈಲುಡಬ್ಬಿ ಕಾರ್ಖಾನೆಯ ಮುಷ್ಕರದಲ್ಲಿ ಜನರನ್ನ ಕೊಂದು, ಆಮೇಲೆ ಸಮಾಧಾನ ಮಾಡೋಕೆ ಪ್ರೆಸಿಡೆಂಟ್ ಕ್ಲೀವ್‌ಲ್ಯಾಂಡ್ ಒಂದು ರಜೆ ಬಿಸಾಕಿದ. ಮೇ 1 ಕೊಟ್ರೆ ಹೇಮಾರ್ಕೆಟ್ ನೆನಪಾಗತ್ತೆ ಅಂತ ಸೆಪ್ಟೆಂಬರ್.

ಸವಿತಾ_ಸಾಗರ | ಮಧ್ಯಾಹ್ನ 1:15

ಎಲ್ಲ ಕಡೆ ಇದನ್ನೇ ಬರೀತಾರೆ, ಆದ್ರೆ ತಾರೀಖು ಹೊಂದಲ್ಲ. ಕ್ಲೀವ್‌ಲ್ಯಾಂಡ್ ಸಹಿ ಹಾಕಿದ್ದು 1894ರ ಜೂನ್ 28. ಆ ಮುಷ್ಕರದ ಬೆಂಬಲಕ್ಕೆ ರೈಲ್ವೆ ಬಹಿಷ್ಕಾರ ಶುರುವಾಗಿದ್ದು ಜೂನ್ 26. ಸೈನ್ಯ ಶಿಕಾಗೋಗೆ ಬಂದಿದ್ದು ಜುಲೈ ಮೊದಲ ವಾರ. ಅಂದ್ರೆ ರಜೆ ಮೊದಲು, ಗುಂಡು ಆಮೇಲೆ. ಕೊಂದು ಸಮಾಧಾನ ಮಾಡಿದ್ದಲ್ಲ, ಒಂದು ಕೈಯಲ್ಲಿ ರಜೆ ಕೊಟ್ಟು ವಾರದೊಳಗೆ ಇನ್ನೊಂದು ಕೈಯಲ್ಲಿ ಸೈನ್ಯ ಕಳಿಸಿದ್ದು. ನನಗೇನೋ ಇದೇ ಇನ್ನೂ ಕೆಟ್ಟದ್ದು ಅನ್ಸತ್ತೆ.

ಸೆಪ್ಟೆಂಬರ್ ಕೂಡ ಕ್ಲೀವ್‌ಲ್ಯಾಂಡ್ ತಲೆಯಿಂದ ಬಂದಿದ್ದಲ್ಲ. 1882ರ ಸೆಪ್ಟೆಂಬರ್ 5ರಂದು ನ್ಯೂಯಾರ್ಕ್‌ನ ಯೂನಿಯನ್‌ಗಳೇ ಮೆರವಣಿಗೆ ಮಾಡಿ, ಆಮೇಲೆ ಊಟ ಆಟ ಅಂತ ಹಬ್ಬ ಮಾಡಿದ್ವು. 1887ರಲ್ಲಿ ಆರೆಗಾನ್ ರಾಜ್ಯ ಮೊದಲು ಕಾನೂನು ಮಾಡ್ತು, ಆಮೇಲೆ ಬೇರೆ ರಾಜ್ಯಗಳು. ಒಟ್ಟಿನಲ್ಲಿ ಅಮೆರಿಕದಲ್ಲೇ ಎರಡು ದಿನ ಇದ್ವು. ಮೇ 1 ಎಂಟು ಗಂಟೆಯ ಹೋರಾಟದ್ದು. 1889ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಸಮಾಜವಾದಿಗಳ ಅಂತಾರಾಷ್ಟ್ರೀಯ ಸಮ್ಮೇಳನ ಅದನ್ನ ಜಗತ್ತಿಗೇ ಹಂಚಿತು. ಸರ್ಕಾರಕ್ಕೆ ಆರಿಸೋ ಅವಕಾಶ ಸಿಕ್ಕಾಗ ಗಲ್ಲಿನ ನೆನಪಿಲ್ಲದ ದಿನವನ್ನ ಆರಿಸ್ಕೊಳ್ತು. ಆ ಮಟ್ಟಿಗೆ ಮಂಡ್ಯದವರು ಹೇಳಿದ್ದು ಸರಿ.

ಓದುಗ_ಮಂಡ್ಯ | ಮಧ್ಯಾಹ್ನ 1:22

ಅರ್ಧ ಮಾರ್ಕ್ಸ್ ಸಿಕ್ತು, ಸಾಕು ಬಿಡಿ.

ರೈಲು_ಹುಚ್ಚ | ಮಧ್ಯಾಹ್ನ 2:40

ದಾವಣಗೆರೆಯವರೇ, ಅಪ್ಪನ್ನ ಪುಲ್‌ಮನ್‌ಗೆ ಕರ್ಕೊಂಡು ಹೋಗಿ, ಶಿಕಾಗೋ ದಕ್ಷಿಣಕ್ಕೇ ಇದೆ. ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಅಂತ ಮಾಡಿದ್ದಾರೆ. ಮಿಲ್ಲಿನವರಿಗೆ ಅದು ಮ್ಯೂಸಿಯಂ ಅನ್ಸಲ್ಲ.

ಜಾರ್ಜ್ ಪುಲ್‌ಮನ್ ಮಲಗೋ ರೈಲುಡಬ್ಬಿ ಮಾಡಿ ದುಡ್ಡು ಮಾಡಿದವ. 1880ರಲ್ಲಿ ಕಾರ್ಖಾನೆ ಸುತ್ತ ಒಂದು ಊರನ್ನೇ ಕಟ್ಟಿದ. ಇಟ್ಟಿಗೆ ಮನೆ, ನಲ್ಲಿ ನೀರು, ಪಾರ್ಕು, ಎಲ್ಲ ಚಂದ. ಆದ್ರೆ ಒಂದೂ ಮನೆ ಮಾರಾಟಕ್ಕಿಲ್ಲ, ಎಲ್ಲ ಬಾಡಿಗೆ. ಲೈಬ್ರರಿಗೆ ವರ್ಷಕ್ಕೆ ಮೂರು ಡಾಲರ್. ಚರ್ಚಿಗೂ ಬಾಡಿಗೆ! ಅಷ್ಟು ಬಾಡಿಗೆ ಕೊಡೋಕೆ ಯಾವ ಸಭೆಯವರಿಗೂ ಆಗದೆ ಆ ಹಸಿರು ಕಲ್ಲಿನ ಚರ್ಚು ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಕುಡಿಯೋಕೆ ಹೋಟೆಲ್ ಫ್ಲಾರೆನ್ಸ್ ಒಂದೇ, ಅದು ಬರೋ ದೊಡ್ಡ ಮನುಷ್ಯರಿಗೆ.

1893ರಲ್ಲಿ ಮಾರುಕಟ್ಟೆ ಕುಸೀತು. ಪುಲ್‌ಮನ್ ಕೂಲಿಯನ್ನ ಸರಾಸರಿ ಕಾಲು ಭಾಗದಷ್ಟು ಇಳಿಸಿದ. ಬಾಡಿಗೆ? ಒಂದು ಸೆಂಟೂ ಇಳಿಸಲಿಲ್ಲ. ಬಟವಾಡೆ ದಿನ ಬಾಡಿಗೆ ಕಳೆದು ಕೈಗೆ ಕೆಲವೇ ಸೆಂಟು ಉಳಿದದ್ದುಂಟು ಅಂತ ಆಮೇಲೆ ಸರ್ಕಾರಿ ಆಯೋಗದ ಮುಂದೆ ಸಾಕ್ಷಿ ಹೇಳಿದ್ರು. ಮಾತಾಡೋಕೆ ಹೋದ ಮೂವರ ಕೆಲಸ ಹೋಯ್ತು. 1894ರ ಮೇ 11ಕ್ಕೆ ಮುಷ್ಕರ.

ಯೂಜೀನ್ ಡೆಬ್ಸ್ ಅವರ ರೈಲ್ವೆ ಯೂನಿಯನ್, ಪುಲ್‌ಮನ್ ಡಬ್ಬಿ ಜೋಡಿಸಿದ ಗಾಡಿಯನ್ನ ಮುಟ್ಟಲ್ಲ ಅಂತು. ಶಿಕಾಗೋದಿಂದ ಪಶ್ಚಿಮಕ್ಕೆ ಬಹುತೇಕ ಗಾಡಿ ನಿಂತೋದ್ವು. ಆಗಿನ ಅಟಾರ್ನಿ ಜನರಲ್ ರಿಚರ್ಡ್ ಓಲ್ನಿ ಹಿಂದೆ ರೈಲ್ವೆ ಕಂಪನಿಗಳ ವಕೀಲ. ಅಂಚೆ ನಿಂತಿದೆ ಅನ್ನೋ ನೆಪದಲ್ಲಿ ಕೋರ್ಟಿಂದ ತಡೆಯಾಜ್ಞೆ ತಂದ. ಗವರ್ನರ್ ಆಲ್ಟ್‌ಗೆಲ್ಡ್ ಕೇಳದೇ ಇದ್ರೂ ಕ್ಲೀವ್‌ಲ್ಯಾಂಡ್ ಸೈನ್ಯ ಕಳಿಸಿದ, ನಮಗೆ ಬೇಡ ಅಂತ ಆಲ್ಟ್‌ಗೆಲ್ಡ್ ಬರೆದ್ರೂ ವಾಪಸ್ ಕರೆಸ್ಕೊಳ್ಳಲಿಲ್ಲ. ಡೆಬ್ಸ್‌ಗೆ ಆರು ತಿಂಗಳು ಜೈಲು.

ಪುಲ್‌ಮನ್ 1897ರಲ್ಲಿ ಸತ್ತಾಗ, ಕಾರ್ಮಿಕರು ಹೆಣ ಅಗೆದು ತೆಗೀತಾರೆ ಅಂತ ಹೆದರಿ ಮನೆಯವರು ಗೋರಿ ಮೇಲೆ ಕಾಂಕ್ರೀಟು, ಅದರ ಮೇಲೆ ಉಕ್ಕಿನ ಹಳಿ ಹಾಕಿಸಿದ್ರು. ಹಳಿ!

ನೀಲಿ_ಮಸಿ | ಮಧ್ಯಾಹ್ನ 3:30

ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಬಿಟ್ಟಿರಿ. ಅದೇ ಡಬ್ಬಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸುತ್ತಿದ್ದ ಪೋರ್ಟರ್‌ಗಳು ಕಪ್ಪು ಜನ. ಡೆಬ್ಸ್ ಬೇಡವೆಂದರೂ ಅವರ ಯೂನಿಯನ್ನಿನ ಸಮಾವೇಶ 112ಕ್ಕೆ 100 ಮತಗಳಿಂದ ಕಪ್ಪು ಜನರಿಗೆ ಸದಸ್ಯತ್ವ ಇಲ್ಲ ಎಂದಿತು. ಅದೇ ಜೂನ್ ತಿಂಗಳಲ್ಲಿ. ಹನ್ನೆರಡು ಮತ. ಯಾರ ಗಾಡಿ ನಿಲ್ಲಿಸಬೇಕೋ ಆ ಗಾಡಿಯೊಳಗೇ ಇದ್ದವರನ್ನು ಹೊರಗಿಟ್ಟು ಗಾಡಿ ನಿಲ್ಲಿಸಹೊರಟರು.

ಚೀನೀಯರದ್ದೂ ಅದೇ ಕಥೆ. 1867ರ ಜೂನ್‌ನಲ್ಲಿ ಸಿಯೆರಾ ಬೆಟ್ಟದಲ್ಲಿ ರೈಲು ಸುರಂಗ ಕೊರೆಯುತ್ತಿದ್ದ ಸಾವಿರಾರು ಚೀನೀಯರು ತಿಂಗಳಿಗೆ 40 ಡಾಲರ್ ಕೂಲಿ, ಕೆಲಸದ ಗಂಟೆ ಕಡಿಮೆ ಮಾಡಬೇಕು ಎಂದು ಸಲಿಕೆ ಕೆಳಗಿಟ್ಟರು. ಗಲಾಟೆ ಇಲ್ಲ, ಕೂಗಾಟ ಇಲ್ಲ. ಕಾಮಗಾರಿಯ ಯಜಮಾನ ಚಾರ್ಲ್ಸ್ ಕ್ರಾಕರ್ ಮಾಡಿದ್ದೇನು? ಬೆಟ್ಟದ ಮೇಲಿನ ಬಿಡಾರಗಳಿಗೆ ಅಕ್ಕಿ ಸಾಮಾನು ಹೋಗುವುದನ್ನೇ ನಿಲ್ಲಿಸಿದ. ಒಂದು ವಾರ. ಮುಗಿಯಿತು. ಅವರ ಬೆನ್ನಿಗೆ ಒಂದೇ ಒಂದು ಬಿಳಿಯ ಯೂನಿಯನ್ ನಿಲ್ಲಲಿಲ್ಲ. ಹೆಂಗಸರನ್ನೂ ಕಪ್ಪು ಜನರನ್ನೂ ಸೇರಿಸಿಕೊಂಡ ನೈಟ್ಸ್ ಆಫ್ ಲೇಬರ್ ಎಂಬ ದೊಡ್ಡ ಕಾರ್ಮಿಕ ಸಂಘ ಕೂಡ ಚೀನೀಯರನ್ನು ಓಡಿಸಿ ಎನ್ನುವುದರಲ್ಲಿ ಮುಂದಿತ್ತು. 1885ರಲ್ಲಿ ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್ ಗಣಿಯಲ್ಲಿ ಬಿಳಿಯ ಗಣಿ ಕಾರ್ಮಿಕರು 28 ಚೀನೀ ಕಾರ್ಮಿಕರನ್ನು ಕೊಂದರು.

ಕಾಮ್ರೇಡ್_ಬಸಣ್ಣ | ಮಧ್ಯಾಹ್ನ 3:44

ಒಡೆದು ಆಳಿದ್ದು ಮಾಲೀಕರು. ಕಾರ್ಮಿಕರನ್ನು ದೂರುವುದರಲ್ಲಿ ಅರ್ಥವಿಲ್ಲ.

ನೀಲಿ_ಮಸಿ | ಮಧ್ಯಾಹ್ನ 3:49

ಮತ ಹಾಕಿದ ಆ 112 ಜನರಲ್ಲಿ ಮಾಲೀಕರು ಎಷ್ಟಿದ್ದರು ಸ್ವಾಮಿ?

ಕೋಡ್_ಕುಮಾರ್ | ಸಂಜೆ 4:30

ಇದನ್ನೇ ನಾನು ಹೇಳೋದು. ಯೂನಿಯನ್ ಅಂದ್ರೆ ಒಳಗಿರೋರಿಗೆ ಮಾತ್ರ ಲಾಭ. ಕಾರ್ನೆಗಿ ನೋಡಿ, ಬಡ ನೇಕಾರನ ಮಗ, ಉಕ್ಕು ಮಾಡಿ ದೇಶ ಕಟ್ಟಿದ, ಊರೂರಿಗೆ ಲೈಬ್ರರಿ ಕೊಟ್ಟ. ಸ್ಟ್ರೈಕ್ ಮಾಡಿದವರು ಎಷ್ಟು ಲೈಬ್ರರಿ ಕಟ್ಟಿದ್ರು?

ರೈಲು_ಹುಚ್ಚ | ಸಂಜೆ 5:05

ಲೈಬ್ರರಿಗೆ ಹೋಗೋಕೆ ಟೈಮ್ ಎಲ್ಲಿತ್ತು ಗುರುವೇ? ಅವನ ಕಾರ್ಖಾನೆಯಲ್ಲಿ ಹನ್ನೆರಡು ಗಂಟೆ ಪಾಳಿ. ಹಗಲು ಪಾಳಿಯಿಂದ ರಾತ್ರಿ ಪಾಳಿಗೆ ಬದಲಾಗೋ ದಿನ ಒಂದೇ ಉಸಿರಲ್ಲಿ 24 ಗಂಟೆ, ಕುಲುಮೆ ಮುಂದೆ.

ಹೋಮ್‌ಸ್ಟೆಡ್, 1892. ಕಾರ್ನೆಗಿಯ ಉಕ್ಕಿನ ಕಾರ್ಖಾನೆ ಇದ್ದ ಊರು. ಒಪ್ಪಂದ ಮುಗಿಯೋ ಹೊತ್ತಿಗೆ ಕಾರ್ನೆಗಿ ಸಾಹೇಬರು ಸ್ಕಾಟ್‌ಲೆಂಡ್‌ಗೆ ಹೋಗಿ ಕೂತ್ರು, ಕೆಲಸ ಕಂಪನಿ ನಡೆಸ್ತಿದ್ದ ಫ್ರಿಕ್ ಕೈಗೆ. ಫ್ರಿಕ್ ಕಾರ್ಖಾನೆ ಸುತ್ತ ಎತ್ತರದ ಬೇಲಿ ಹಾಕಿ, ಮೇಲೆ ಮುಳ್ಳುತಂತಿ ಎಳೆದು, ಎಲ್ಲರನ್ನೂ ಹೊರಗೆ ಹಾಕಿದ. ಜುಲೈ 6ರ ಬೆಳಗಿನ ಜಾವ ಪಿಂಕರ್ಟನ್ ಕಂಪನಿಯ 300 ಬಾಡಿಗೆ ಕಾವಲುಗಾರರು ಎರಡು ದೋಣಿಯಲ್ಲಿ ನದಿಯಿಂದ ಬಂದ್ರು. ಊರಿಗೂರೇ ದಡಕ್ಕೆ ಬಂತು, ಹೆಂಗಸರು ಮಕ್ಕಳು ಸಮೇತ. ಇಡೀ ದಿನ ಗುಂಡಿನ ಕಾಳಗ. ಏಳು ಕಾರ್ಮಿಕರು, ಮೂವರು ಪಿಂಕರ್ಟನ್‌ನವರು ಸತ್ರು. ಸಂಜೆ ಪಿಂಕರ್ಟನ್‌ನವರು ಶರಣಾದಾಗ ಊರ ಜನ ಅವರನ್ನ ಎರಡು ಸಾಲಿನ ಮಧ್ಯೆ ನಡೆಸಿ ಹಿಗ್ಗಾಮುಗ್ಗಾ ಬಡಿದ್ರು, ಅದನ್ನೂ ಹೇಳ್ಬೇಕು. ಆಮೇಲೆ ಗವರ್ನರ್ ಎಂಟು ಸಾವಿರಕ್ಕೂ ಹೆಚ್ಚು ಮಿಲಿಷಿಯಾ ಕಳಿಸಿದ. ನವೆಂಬರ್‌ಗೆ ಯೂನಿಯನ್ ನೆಲಕಚ್ಚಿತು.

ಹೋಮ್‌ಸ್ಟೆಡ್‌ಗೂ ಲೈಬ್ರರಿ ಬಂತು ಬಿಡಿ. 1898ರಲ್ಲಿ.

ಧಾರವಾಡ_ಪೇಢಾ | ಸಂಜೆ 6:10

ಎಲ್ಲಾರೂ ಉಕ್ಕು, ರೈಲು ಅಂತೀರಿ. ಹತ್ತಿ ಬಿಟ್ರಲ್ರೀ! ಅಮೆರಿಕಾದಾಗ ಕಾರ್ಖಾನಿ ಅಂತ ದೊಡ್ಡದಾಗಿ ಶುರು ಆಗಿದ್ದ ಹತ್ತಿ ಗಿರಣಿಯಿಂದ. ಮ್ಯಾಸಚೂಸೆಟ್ಸ್ ರಾಜ್ಯದಾಗ ಲೋವೆಲ್ ಅಂತ ಊರು. ಕೆಲಸಕ್ಕ ಯಾರು? ಹಳ್ಳಿ ಒಕ್ಕಲಿಗರ ಹೆಣ್ಣುಮಕ್ಕಳು. ಗಂಟಿ ಹೊಡದ್ರ ಏಳಬೇಕು, ಗಂಟಿ ಹೊಡದ್ರ ಉಣ್ಣಬೇಕು, ವಾರಕ್ಕ ಎಪ್ಪತ್ತು ತಾಸಿನ ಮ್ಯಾಲೆ ದುಡಿಮಿ. 1834ರಾಗ ಕೂಲಿ ಕಡಿತ ಅಂದಾಗ ಆ ಹುಡುಗ್ಯಾರೇ ಮಗ್ಗ ಬಿಟ್ಟು ಹೊರಗ ಬಂದ್ರು. ಹೇಮಾರ್ಕೆಟ್‌ಗಿಂತ ಐವತ್ತು ವರ್ಷ ಮೊದಲ ನೋಡ್ರಿ.

ನಮ್ಮ ಕಡೆ ಸಂಬಂಧ ಹೇಳ್ತೀನಿ. 1840ರ ದಶಕದಾಗ ಇಂಗ್ಲಿಷರು ಅಮೆರಿಕಾದ ಹತ್ತಿ ಬೀಜ ತಂದು ನಮ್ಮ ಧಾರವಾಡ ಜಿಲ್ಲಾದಾಗ ಬಿತ್ತಿಸಿದ್ರು. ಮುಂದ ಅಲ್ಲಿ ಅಂತರ್ಯುದ್ಧ ಆಗಿ ಹತ್ತಿ ಬರೂದು ನಿಂತಾಗ ಇಲ್ಲಿ ರೇಟು ಮುಗಿಲಿಗೆ ಹೋತು. 1865ಕ್ಕ ಯುದ್ಧ ಮುಗೀತು, ರೇಟು ಧಡಕ್ಕನ ನೆಲಕ್ಕ. ರೊಕ್ಕ ಬಂದದ್ದೂ ಅಲ್ಲಿಂದ, ಸಾಲ ಆದದ್ದೂ ಅಲ್ಲಿಂದ.

ಸವಿತಾ_ಸಾಗರ | ಸಂಜೆ 6:45

ಪೇಢಾ ಅವರೇ, ಲೋವೆಲ್ ಎತ್ತಿದ್ದಕ್ಕೆ ಥ್ಯಾಂಕ್ಸ್. ನನಗೆ ಇಡೀ ಶತಮಾನದಲ್ಲಿ ತುಂಬಾ ಇಷ್ಟವಾದ ಘಟನೆ ಅಲ್ಲಿಯದೇ. 1836ರ ಎರಡನೇ ಮುಷ್ಕರ. ಹ್ಯಾರಿಯೆಟ್ ಹ್ಯಾನ್ಸನ್, ಹನ್ನೊಂದು ವರ್ಷದ ಹುಡುಗಿ. ಮೇಲಿನ ಮಹಡಿಯವರೆಲ್ಲ ಹೊರಟಾಗಿದೆ, ಇವಳ ಕೋಣೆಯ ದೊಡ್ಡ ಹುಡುಗಿಯರು ಹೋಗೋದಾ ಬೇಡ್ವಾ ಅಂತ ಗುಸುಗುಸು. ನೀವೇನಾದ್ರೂ ಮಾಡಿ, ನಾನಂತೂ ಹೊರಟೆ ಅಂತ ಇವಳು ಎದ್ದು ನಡೆದಳು. ತಿರುಗಿ ನೋಡಿದ್ರೆ ಹಿಂದೆ ಉದ್ದ ಸಾಲು. ಆ ಕ್ಷಣದಷ್ಟು ಹೆಮ್ಮೆ ಮುಂದೆ ಯಾವತ್ತೂ ಆಗಲಿಲ್ಲ ಅಂತ ಮುದುಕಿಯಾದ ಮೇಲೆ ಬರ್ಕೊಂಡಿದ್ದಾಳೆ. ಬೆಲೆ ತೆತ್ತಿದ್ದು ಅಮ್ಮ. ಕಂಪನಿಯ ಊಟದ ಮನೆ ನಡೆಸ್ತಿದ್ದ ವಿಧವೆ, ಮಗಳನ್ನ ಹದ್ದುಬಸ್ತಿನಲ್ಲಿ ಇಡಲಿಲ್ಲ ಅಂತ ಕೆಲಸದಿಂದ ತೆಗೆದ್ರು.

ಹಾಗೇ ಅಟ್ಲಾಂಟಾದ ಅಗಸಗಿತ್ತಿಯರು, 1881. ಬಹುತೇಕ ಎಲ್ಲರೂ ಕಪ್ಪು ಹೆಂಗಸರು, ಗುಲಾಮಗಿರಿ ಮುಗಿದು ಹದಿನಾರೇ ವರ್ಷ. ಇಪ್ಪತ್ತು ಜನರಿಂದ ಶುರುವಾಗಿ ಮೂರು ವಾರದಲ್ಲಿ ಮೂರು ಸಾವಿರ. ಹನ್ನೆರಡು ಪೌಂಡ್ ಬಟ್ಟೆಗೆ ಒಂದು ಡಾಲರ್ ಕೊಡಿ ಅಂತ. ನಗರಸಭೆ 25 ಡಾಲರ್ ಲೈಸೆನ್ಸ್ ಶುಲ್ಕ ಹಾಕ್ತೀವಿ ಅಂತ ಹೆದರಿಸ್ತು. ಹಾಕಿ, ಕಟ್ತೀವಿ, ಆದ್ರೆ ಊರಿನ ಬಟ್ಟೆ ಒಗೆಯೋ ಹಕ್ಕು ನಮ್ಮದೊಂದೇ ಆಗ್ಲಿ ಅಂತ ಮೇಯರ್‌ಗೆ ವಾಪಸ್ ಕಾಗದ ಬರೆದ್ರು! ನಗರಸಭೆ ಶುಲ್ಕದ ಮಾತು ಕೈಬಿಡ್ತು.

ಬಿಸಿ_ಕಾಫಿ | ಸಂಜೆ 6:52

ಊರಿನವರ ಕೊಳೆ ಬಟ್ಟೆ ಒತ್ತೆ ಇಟ್ಕೊಂಡು ಮಾತುಕತೆ. ಸಾಫ್ಟ್‌ವೇರ್‌ನವರಿಗೂ ಇಂಥ ಐಡಿಯಾ ಬೇಕು, 14 ಗಂಟೆ ಡ್ಯೂಟಿ ಪ್ರಸ್ತಾವ ಬಂದಾಗ ನಾವೇನು ಕಿತ್ತು ಹಾಕಿದ್ವಿ?

ಕೋಡ್_ಕುಮಾರ್ | ಸಂಜೆ 6:58

ನಾನೇನು ಯಾರ ಬಲವಂತಕ್ಕೂ ಕೆಲಸ ಮಾಡ್ತಿಲ್ಲ. ಇಷ್ಟ ಇಲ್ಲ ಅಂದ್ರೆ ಕಂಪನಿ ಬಿಡಿ.

ಬಿಸಿ_ಕಾಫಿ | ಸಂಜೆ 7:01

ಪುಲ್‌ಮನ್ ಸಾಹೇಬರೇ, ಮನೆ ಬಾಡಿಗೆ ಎಷ್ಟು?

ನಿರ್ವಾಹಕ | ಸಂಜೆ 7:20

14 ಗಂಟೆ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ ಜಗಳ ಆಡಿ. ಇಲ್ಲಿ ಬಂದ ಹನ್ನೊಂದು ಪೋಸ್ಟ್ ಅಳಿಸಿದ್ದೇನೆ.

ಹಳೇ_ವಕೀಲ | ರಾತ್ರಿ 8:15

ಒಂದು ಸಣ್ಣ ಸೇರ್ಪಡೆ. ಇಲಿನಾಯ್‌ನಲ್ಲಿ ಎಂಟು ಗಂಟೆಯ ಕಾನೂನು 1867ರಲ್ಲೇ ಇತ್ತು. ಜಾರಿಗೆ ಬಂದ ದಿನ ಯಾವುದು ಗೊತ್ತೇ? ಮೇ 1! ಒಪ್ಪಂದದಲ್ಲಿ ಬೇರೆ ಬರೆದಿದ್ದರೆ ಈ ಕಾನೂನು ಅನ್ವಯಿಸದು ಎಂಬ ಒಂದು ಸಾಲು ಅದರಲ್ಲಿತ್ತು. ಮಾಲೀಕರು ಎಲ್ಲ ಒಪ್ಪಂದದಲ್ಲೂ ಬೇರೆ ಬರೆದರು. ಜನ ಬೀದಿಗಿಳಿದರು, ವಾರದಲ್ಲಿ ತಣ್ಣಗಾಯಿತು. ಇಂಥ ಸಾಲುಗಳನ್ನು ನಾನು ನಲವತ್ತು ವರ್ಷ ಓದಿದ್ದೇನೆ, ಅದರಲ್ಲೇ ಹೊಟ್ಟೆ ಹೊರೆದಿದ್ದೇನೆ.

ದಾವಣಗೆರೆ_ಹುಡುಗ | ಮೇ 10, ರಾತ್ರಿ 9:30

ಇವತ್ತು ಪುಲ್‌ಮನ್‌ಗೆ ಹೋಗಿ ಬಂದ್ವಿ. ರೈಲು_ಹುಚ್ಚ ಅವರಿಗೆ ಥ್ಯಾಂಕ್ಸ್. ಗಡಿಯಾರದ ಗೋಪುರ, ಇಟ್ಟಿಗೆ ಮನೆ ಸಾಲು, ಖಾಲಿ ಬಿದ್ದಿತ್ತಂತೆ ಅಂದ್ರಲ್ಲ ಆ ಚರ್ಚು, ಎಲ್ಲ ನೋಡಿದ್ವಿ. ಅಪ್ಪ ಮನೆಗಳನ್ನ ಅಳೆಯೋ ಹಾಗೆ ನೋಡ್ತಾ, ಫೋರ್‌ಮನ್ ಮನೆ ಯಾವುದು ಅಂತ ಕೇಳದೇನೇ ಸರಿಯಾಗಿ ಗುರುತಿಸಿದ್ರು.

ವಾಪಸ್ ಬರ್ತಾ ಕಾರಲ್ಲಿ ಈ ಎಳೆ ಪೂರ್ತಿ ಓದಿ ಹೇಳಿದೆ. ವಕೀಲರು ಬರೆದಿದ್ದನ್ನ, ಆ ಬಾಂಬ್ ಎಸೆದವರು ಯಾರು ಅನ್ನೋದನ್ನ, ಎರಡು ಸಲ ಓದಿಸಿದ್ರು. ಸುಮಾರು ಹೊತ್ತು ಮಾತಿಲ್ಲ. ಆಮೇಲೆ ನನಗೆ ಇಷ್ಟು ವರ್ಷ ಹೇಳದ ಒಂದು ವಿಷಯ ಹೇಳಿದ್ರು. ಮಿಲ್ ಗೇಟಲ್ಲಿ ಒಂದ್ಸಲ ಧರಣಿ ಕೂತಾಗ ಯಾರೋ ಮ್ಯಾನೇಜರ್ ಕಾರಿಗೆ ಕಲ್ಲು ಹೊಡೆದ್ರಂತೆ. "ಯಾರು ಹೊಡೆದ್ರು ಅಂತ ಇವತ್ತಿಗೂ ಗೊತ್ತಿಲ್ಲ ಕಣೋ. ಸಸ್ಪೆಂಡ್ ಆಗಿದ್ದು ಮೈಕ್ ಹಿಡಿದಿದ್ದ ಆರು ಜನ." ನಾನು ಆಗ ಎರಡನೇ ಕ್ಲಾಸು. ಆ ವರ್ಷ ಅಜ್ಜಿ ಮನೇಲಿ ಯಾಕೆ ಬಿಟ್ಟಿದ್ರು ಅಂತ ಇವತ್ತು ಗೊತ್ತಾಯ್ತು.

ಸವಿತಾ_ಸಾಗರ | ಮೇ 10, ರಾತ್ರಿ 9:52

ಅವರು ಹೇಳಿದ್ದನ್ನೆಲ್ಲ ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ನಾಳೆಯೇ.

ಧಾರವಾಡ_ಪೇಢಾ | ಮೇ 10, ರಾತ್ರಿ 10:05

ಹೌದ್ರೀ. ಆ ಆರು ಮಂದಿ ಹೆಸರೂ ಕೇಳಿ ಬರಕೊಳ್ರಿ.